ಪ್ರೊಸೆಸರಿನ ಕೈ ಸೋಕದ ದತ್ತಾಂಶ: ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿನ ಡಿಎಂಎ ಕುರಿತ ವಿಮರ್ಶೆ

ತಿಪಟೂರಿನ ಬಳಿ ಇರುವ ನಮ್ಮ ತೆಂಗಿನ ತೋಟದ ಕೊಳವೆಬಾವಿಯ ಮೋಟಾರು ಎರಡು ವರ್ಷಗಳಲ್ಲಿ ಮೂರು ಬಾರಿ ಸುಟ್ಟುಹೋಯಿತು. ಪ್ರತಿ ಸಲವೂ ರೀವೈಂಡಿಂಗ್ ಮಾಡಿಕೊಟ್ಟವರು ವೋಲ್ಟೇಜಿನ ಏರುಪೇರೇ ಕಾರಣವೆಂದರು. ಆದರೆ ನಾನು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಮಲ್ಟಿಮೀಟರ್ ಹಿಡಿದು ನಿಂತಾಗಲೆಲ್ಲ ಪರದೆಯ ಮೇಲಿನ ಅಂಕಿ 220ರಿಂದ 230ರ ನಡುವೆಯೇ ಇರುತ್ತಿತ್ತು. ಮಲ್ಟಿಮೀಟರು ಒಂದು ಸೆಕೆಂಡಿನಲ್ಲಿ ಎರಡು ಮೂರು ಬಾರಿ ಮಾತ್ರ ಅಂಕಿ ಬದಲಿಸುತ್ತದೆಯಾದ್ದರಿಂದ, ಐದಾರು ಆವರ್ತಗಳಷ್ಟು ಕಾಲ ಕುಸಿದು ಮತ್ತೆ ಮೇಲೇಳುವ ವೋಲ್ಟೇಜು ಅದರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹಿಡಿಯಬೇಕಾದರೆ ವೋಲ್ಟೇಜಿನ ಅಲೆಯನ್ನೇ, ಒಂದು ಬಿಂದುವನ್ನೂ ಬಿಡದೆ, ಹಗಲು ರಾತ್ರಿ ಬರೆದಿಡುವ ಉಪಕರಣ ಬೇಕು. ಅಂಥದೊಂದನ್ನು ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿನಿಂದ ಕಟ್ಟಿ ಹಲವು ತಿಂಗಳು ಬಳಸಿದ್ದೇನೆ. ಈ ವಿಮರ್ಶೆ ಆ ಬೋರ್ಡನ್ನು, ಅದರಲ್ಲಿಯೂ ಅದರ ಒಂದು ಅಂಗವನ್ನು ಕುರಿತದ್ದು: ಪೆರಿಫೆರಲ್‌ಗಳಿಗೂ (ಹೊರಜಗತ್ತಿನೊಡನೆ ವ್ಯವಹರಿಸುವ ಚಿಪ್ಪಿನ ಘಟಕಗಳಿಗೂ) ಮೆಮೊರಿಗೂ ನಡುವೆ ಪ್ರೊಸೆಸರಿನ ನೆರವಿಲ್ಲದೆ ದತ್ತಾಂಶವನ್ನು ಸಾಗಿಸುವ ನೇರ ಮೆಮೊರಿ ಪ್ರವೇಶದ ಘಟಕ, ಅಂದರೆ ಡಿಎಂಎ.

ಪಿಕೊ 2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ನನಗೆ ಅದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸುಮಾರು 350 ರೂಪಾಯಿಗೆ ಸಿಕ್ಕಿತು. 51 ಮಿಲಿಮೀಟರ್ ಉದ್ದ, 21 ಮಿಲಿಮೀಟರ್ ಅಗಲದ ಈ ಹಲಗೆಯ ನಡುವೆ ಆರ್‌ಪಿ2040 ಎಂಬ ಚಿಪ್ ಇದೆ. ಅದರೊಳಗೆ ಕಾರ್ಟೆಕ್ಸ್ ಎಂ0 ಪ್ಲಸ್ ಬಗೆಯ ಎರಡು ಕೋರ್‌ಗಳು, 264 ಕಿಲೋಬೈಟ್ ಮೆಮೊರಿ ಮತ್ತು 12 ಡಿಎಂಎ ಚಾನೆಲ್‌ಗಳಿವೆ. ಪ್ರೋಗ್ರಾಮು ಇರುವುದು ಹೊರಗಿನ 2 ಮೆಗಾಬೈಟ್ ಫ್ಲ್ಯಾಶ್ ಚಿಪ್ಪಿನಲ್ಲಿ. ಜಾಹೀರಾತುಗಳಲ್ಲಿ ಎರಡು ಕೋರ್‌ಗಳ ಮತ್ತು ಪಿಐಒ ಎಂಬ ವಿಶೇಷ ಘಟಕದ ಹೊಗಳಿಕೆಯೇ ಹೆಚ್ಚು. ನನ್ನ ಅನುಭವದಲ್ಲಿ ಈ ಬೋರ್ಡಿನ ನಿಜವಾದ ಬೆಲೆ ಇರುವುದು ಆ 12 ಚಾನೆಲ್‌ಗಳಲ್ಲಿ, ಮತ್ತು ಅವು ಕೆಲಸ ಮಾಡುವ ಬಸ್‌ನ, ಅಂದರೆ ಚಿಪ್ಪಿನೊಳಗೆ ದತ್ತಾಂಶ ಓಡಾಡುವ ದಾರಿಯ, ರಚನೆಯನ್ನು ನಮ್ಮಂಥವರೂ ಕಾಗದದ ಮೇಲೆ ಪೂರ್ತಿಯಾಗಿ ಬಿಡಿಸಿ ನೋಡಬಹುದು ಎಂಬುದರಲ್ಲಿ.

ಮೊದಲು ನನ್ನ ಅಗತ್ಯದ ಲೆಕ್ಕವನ್ನು ಹೇಳುತ್ತೇನೆ. ನಮ್ಮ ವಿದ್ಯುತ್ ಪೂರೈಕೆಯ ಆವರ್ತನ 50 ಹರ್ಟ್ಜ್, ಅಂದರೆ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಸೆಕೆಂಡಿಗೆ 10,000 ಸ್ಯಾಂಪಲ್ ತೆಗೆದುಕೊಂಡರೆ ಒಂದು ಆವರ್ತಕ್ಕೆ 200 ಬಿಂದುಗಳು ಸಿಗುತ್ತವೆ. ಅಲೆಯ ಆಕಾರ, ಕುಸಿತದ ಆಳ, ಹಾರ್ಮೋನಿಕ್‌ಗಳು (ಮೂಲ ಆವರ್ತನದ ಗುಣಕಗಳಲ್ಲಿ ಬೆರೆತಿರುವ ಅಲೆಗಳು) ಎಲ್ಲವನ್ನೂ ತಿಳಿಯಲು ಇಷ್ಟು ಸಾಕು. ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ, ಚಿಪ್ಪಿನೊಳಗಿನ ಎಡಿಸಿ ಘಟಕ 48 ಮೆಗಾಹರ್ಟ್ಜ್ ಕ್ಲಾಕಿನಿಂದ ನಡೆಯುತ್ತದೆ, ಮತ್ತು ಒಂದು ಸ್ಯಾಂಪಲ್‌ಗೂ ಮುಂದಿನದಕ್ಕೂ ನಡುವೆ 4,800 ಕ್ಲಾಕ್‌ಗಳ ಅಂತರವಿಟ್ಟರೆ ಸರಿಯಾಗಿ 10,000 ಸ್ಯಾಂಪಲ್ ಬರುತ್ತವೆ. ಈ ಅಂತರವನ್ನು ನಿಗದಿಮಾಡುವ ವಿಭಾಜಕ ರಿಜಿಸ್ಟರಿನಲ್ಲಿ (ರಿಜಿಸ್ಟರ್ ಎಂದರೆ ಘಟಕವೊಂದರ ಸೂಚನೆ ಅಥವಾ ದತ್ತಾಂಶ ಇಡುವ ಚಿಕ್ಕ ಜಾಗ) ಒಂದು ಕಡಿಮೆ ಮಾಡಿ 4,799 ಎಂದು ಬರೆಯಬೇಕು. 230 ವೋಲ್ಟನ್ನು ನೇರವಾಗಿ ಬೋರ್ಡಿಗೆ ಕೊಡುವುದು ಪ್ರಾಣಕ್ಕೆ ಅಪಾಯವಾದ್ದರಿಂದ, ವಿದ್ಯುತ್ ಪ್ರತ್ಯೇಕತೆ ಇರುವ ಚಿಕ್ಕ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, 3.3 ವೋಲ್ಟಿನ ಅರ್ಧಕ್ಕೆ ಮೇಲೆತ್ತಿ ಎಡಿಸಿಗೆ ಕೊಟ್ಟಿದ್ದೇನೆ.

ಈ ಸ್ಯಾಂಪಲ್‌ಗಳನ್ನು ಮೆಮೊರಿಗೆ ಸೇರಿಸಲು ಮೊದಲು ಹೊಳೆಯುವ ದಾರಿ ಇಂಟರಪ್ಟ್. ಪ್ರತಿ ಸ್ಯಾಂಪಲ್ ಸಿದ್ಧವಾದಾಗಲೂ ಎಡಿಸಿ ಪ್ರೊಸೆಸರನ್ನು ಕರೆಯುತ್ತದೆ, ಪ್ರೊಸೆಸರು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬಂದು ಆ ಎರಡು ಬೈಟ್‌ಗಳನ್ನು ಎತ್ತಿ ಮೆಮೊರಿಯಲ್ಲಿಟ್ಟು ಹಿಂದಿರುಗುತ್ತದೆ. ಸೆಕೆಂಡಿಗೆ 10,000 ಕರೆಗಳು ಈ ಪ್ರೊಸೆಸರಿಗೆ ಹೊರಲಾರದ ಭಾರವೇನಲ್ಲ. ತೊಂದರೆ ಇರುವುದು ಬೇರೆ ಕಡೆ. ಎಂ0 ಪ್ಲಸ್ ಕೋರ್ ಕರೆಗೆ ಓಗೊಡಲು ಕನಿಷ್ಠ 15 ಕ್ಲಾಕ್ ತೆಗೆದುಕೊಳ್ಳುತ್ತದೆ. ಆದರೆ ಕರೆಯನ್ನು ನಿರ್ವಹಿಸುವ ಪ್ರೋಗ್ರಾಮಿನ ತುಣುಕು ಆ ಗಳಿಗೆಯಲ್ಲಿ ವೇಗದ ತಾತ್ಕಾಲಿಕ ಮೆಮೊರಿಯಾದ 16 ಕಿಲೋಬೈಟಿನ ಕ್ಯಾಶ್‌ನಲ್ಲಿ ಇಲ್ಲದೇ ಹೋದರೆ ಅದನ್ನು ಹೊರಗಿನ ಫ್ಲ್ಯಾಶ್‌ನಿಂದ ತರಬೇಕು, ಮತ್ತು ಆ ಹೊತ್ತಿಗೆ, ದತ್ತಾಂಶವನ್ನು ಉಳಿಸಿಡುವ ಎಸ್‌ಡಿ ಕಾರ್ಡಿಗೆ ಬರೆಯುವ ಭಾಗವೇನಾದರೂ ಇಂಟರಪ್ಟ್‌ಗಳನ್ನು ತಡೆಹಿಡಿದಿದ್ದರೆ ಅದು ಮುಗಿಯುವವರೆಗೂ ಕಾಯಬೇಕು. ಎಡಿಸಿಯ ಬಳಿ ಕಾಯಲು ಇರುವ ಜಾಗ ನಾಲ್ಕು ಸ್ಯಾಂಪಲ್‌ಗಳ ಫೈಫೊ (ಮೊದಲು ಬಂದದ್ದು ಮೊದಲು ಹೊರಡುವ ಸಾಲು) ಮಾತ್ರ, ಅಂದರೆ ನನ್ನ ವೇಗದಲ್ಲಿ 400 ಮೈಕ್ರೋಸೆಕೆಂಡ್. ಅದು ತುಂಬಿದ ನಂತರ ಬಂದ ಸ್ಯಾಂಪಲ್ ಕಳೆದೇ ಹೋಗುತ್ತದೆ. ಹತ್ತು ಸಾವಿರದಲ್ಲಿ ಒಂದು ಕಳೆದರೂ ಮುಂದಿನ ಎಲ್ಲ ಬಿಂದುಗಳ ಕಾಲದ ಲೆಕ್ಕ ತಪ್ಪುತ್ತದೆ. ಅಲೆಯನ್ನು ಬರೆದಿಡುವ ಉಪಕರಣದಲ್ಲಿ ಇದಕ್ಕಿಂತ ದೊಡ್ಡ ದೋಷವಿಲ್ಲ. ಡಿಎಂಎ ಬೇಕಾಗುವುದು ವೇಗಕ್ಕಾಗಿ ಎಂದು ಅನೇಕರು ಭಾವಿಸುತ್ತಾರೆ. ನನಗೆ ಬೇಕಾದದ್ದು ಕ್ರಮಬದ್ಧತೆ, ಪ್ರೊಸೆಸರು ಬೇರೆಲ್ಲಿ ಮಗ್ನವಾಗಿದ್ದರೂ ಸ್ಯಾಂಪಲ್ ತನ್ನ ಜಾಗವನ್ನು ಸೇರಲೇಬೇಕೆಂಬ ಖಾತ್ರಿ.

ಆರ್‌ಪಿ2040ರ ಬಸ್‌ನ ರಚನೆ ಈ ಖಾತ್ರಿಯನ್ನು ಹೇಗೆ ಕೊಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಚಿಪ್ಪಿನ ನಡುವೆ ಎಎಚ್‌ಬಿ ಲೈಟ್ ಎಂಬ ಬಗೆಯ ಕ್ರಾಸ್‌ಬಾರ್ ಇದೆ. ಅದರ ಒಂದು ಬದಿಯಲ್ಲಿ ಆದೇಶ ಕೊಡುವ ನಾಲ್ವರು ಯಜಮಾನರು: ಮೊದಲ ಕೋರ್, ಎರಡನೆಯ ಕೋರ್, ಡಿಎಂಎಯ ಓದುವ ಬಾಗಿಲು, ಡಿಎಂಎಯ ಬರೆಯುವ ಬಾಗಿಲು. ಇನ್ನೊಂದು ಬದಿಯಲ್ಲಿ ಆದೇಶ ಪಾಲಿಸುವ ಹತ್ತು ತಾಣಗಳು: ರಾಮ್, ಅಂದರೆ ಚಿಪ್ಪಿನ ಮೆಮೊರಿಯ ಆರು ತುಂಡುಗಳು, ರೋಮ್, ಫ್ಲ್ಯಾಶ್, ವೇಗದ ಪೆರಿಫೆರಲ್‌ಗಳ ಕವಲು, ಮತ್ತು ನಿಧಾನದ ಪೆರಿಫೆರಲ್‌ಗಳತ್ತ ಸಾಗುವ ಎಪಿಬಿ ಸೇತುವೆ. ನಾಲ್ವರೂ ಬೇರೆ ಬೇರೆ ತಾಣಗಳಿಗೆ ಹೊರಟರೆ ಒಂದೇ ಕ್ಲಾಕಿನಲ್ಲಿ ನಾಲ್ಕೂ ಕೆಲಸಗಳು ಆಗುತ್ತವೆ. ಇಬ್ಬರು ಒಂದೇ ತಾಣಕ್ಕೆ ಬಂದಾಗ ಮಾತ್ರ ಒಬ್ಬರು ಕಾಯಬೇಕು. ಮೆಮೊರಿಯ ದೊಡ್ಡ ಭಾಗವಾದ 256 ಕಿಲೋಬೈಟನ್ನು ನಾಲ್ಕು ತುಂಡುಗಳಾಗಿ ಮಾಡಿ, 32 ಬಿಟ್‌ಗಳ ಒಂದೊಂದು ಪದವನ್ನು ಒಂದೊಂದು ತುಂಡಿಗೆ ಸರದಿಯಂತೆ ಹಂಚಿರುವುದರಿಂದ ಅಂಥ ಮುಖಾಮುಖಿಗಳು ಸಹಜವಾಗಿಯೇ ಕಡಿಮೆಯಾಗುತ್ತವೆ. ಡಿಎಂಎ ತಾನೊಂದೇ ಪ್ರತಿ ಕ್ಲಾಕಿಗೆ ಒಂದು ಓದು ಮತ್ತು ಒಂದು ಬರಹವನ್ನು, ತಲಾ 32 ಬಿಟ್‌ವರೆಗೆ, ಮಾಡಬಲ್ಲುದು.

ಆದರೆ ಈ ವೇಗ ಮೆಮೊರಿಯಿಂದ ಮೆಮೊರಿಗೆ ಸಾಗಿಸುವಾಗಿನ ಮಾತು. ಎಡಿಸಿ, ಹೊರಗಿನ ಸಾಧನಗಳೊಡನೆ ಮಾತಾಡುವ ಎಸ್‌ಪಿಐ, ಯುಆರ್ಟ್, ಐ2ಸಿ ಮೊದಲಾದವೆಲ್ಲ ಎಪಿಬಿ ಸೇತುವೆಯ ಆಚೆ ಇವೆ. ಸೇತುವೆಯನ್ನು ದಾಟಿ ಒಂದು ರಿಜಿಸ್ಟರನ್ನು ಓದಲು 3 ಕ್ಲಾಕ್, ಬರೆಯಲು 4 ಕ್ಲಾಕ್ ಬೇಕು. ಅದಕ್ಕಿಂತ ಮುಖ್ಯವಾಗಿ, ಪೆರಿಫೆರಲ್ ಸಿದ್ಧವಾಗುವವರೆಗೆ ಡಿಎಂಎ ಕಾಯಬೇಕು. ಇಲ್ಲಿಯೇ ವಿನಂತಿಯ ಸಂಕೇತ ಕೆಲಸಕ್ಕೆ ಬರುತ್ತದೆ, ಇದನ್ನು ಡೇಟಾಶೀಟ್, ಅಂದರೆ ತಯಾರಕರ ತಾಂತ್ರಿಕ ಕೈಪಿಡಿ, ಡಿರೆಕ್ ಎಂದು ಕರೆಯುತ್ತದೆ. ಎಡಿಸಿಯ ಫೈಫೊದಲ್ಲಿ ಒಂದು ಸ್ಯಾಂಪಲ್ ಬಂದೊಡನೆ ಅದು ತನ್ನದೇ ತಂತಿಯ ಮೂಲಕ ಡಿಎಂಎಗೆ ಸನ್ನೆ ಮಾಡುತ್ತದೆ. ಡಿಎಂಎ ಆ ಸನ್ನೆಗಳನ್ನು ಎಣಿಸಿಟ್ಟುಕೊಂಡು, ಎಷ್ಟು ಸನ್ನೆ ಬಂದಿದೆಯೋ ಅಷ್ಟೇ ಬಾರಿ ಸೇತುವೆ ದಾಟಿ ಹೋಗುತ್ತದೆ. ಬಂದಿದೆಯೇ ಎಂದು ಮತ್ತೆ ಮತ್ತೆ ಇಣುಕಿ ನೋಡುವ ಕೆಲಸ ಇಲ್ಲದ್ದರಿಂದ ಬಸ್ ಉಳಿದವರಿಗೆ ತೆರವಾಗಿರುತ್ತದೆ. 125 ಮೆಗಾಹರ್ಟ್ಜ್ ಕ್ಲಾಕಿನಲ್ಲಿ ನನ್ನ ಎರಡು ಸ್ಯಾಂಪಲ್‌ಗಳ ನಡುವೆ 12,500 ಕ್ಲಾಕ್‌ಗಳಿವೆ, ಅದರಲ್ಲಿ ಡಿಎಂಎ ಎಪಿಬಿಯನ್ನು ಹಿಡಿದಿಡುವುದು 3 ಕ್ಲಾಕ್ ಮಾತ್ರ.

ಈ ಸಂಕೇತಗಳ ಹಂಚಿಕೆಯಲ್ಲಿ ಪಿಕೊ ತನ್ನ ಓರಗೆಯ ಬೋರ್ಡುಗಳಿಗಿಂತ ಉದಾರವಾಗಿದೆ. ನಾನು ಇದಕ್ಕೂ ಮೊದಲು ಬಳಸುತ್ತಿದ್ದ ಎಸ್‌ಟಿಎಂ32ಎಫ್103 ಚಿಪ್ಪಿನ ಮೊದಲ ಡಿಎಂಎ ಘಟಕದಲ್ಲಿ 7 ಚಾನೆಲ್‌ಗಳಿವೆ, ಆದರೆ ಯಾವ ಪೆರಿಫೆರಲ್ ಯಾವ ಚಾನೆಲನ್ನು ಬಳಸಬಹುದು ಎಂಬುದು ಸಿಲಿಕಾನಿನಲ್ಲಿಯೇ ನಿಗದಿಯಾಗಿದೆ. ಮೊದಲ ಎಸ್‌ಪಿಐ 2 ಮತ್ತು 3ನೆಯ ಚಾನೆಲ್‌ಗಳನ್ನು ಬಯಸುತ್ತದೆ, ಮೂರನೆಯ ಯುಸಾರ್ಟ್ (ಯುಆರ್ಟ್‌ನ ಬಗೆಯದೇ ಘಟಕ) ಕೂಡ ಅವೇ ಎರಡನ್ನು ಬಯಸುತ್ತದೆ. ಎರಡನ್ನೂ ಒಟ್ಟಿಗೆ ಡಿಎಂಎಯಿಂದ ನಡೆಸುವಂತಿಲ್ಲ, ಹಲಗೆಯ ನಕ್ಷೆ ಬರೆಯುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಪಿಕೊದಲ್ಲಿ ಯಾವ ಚಾನೆಲ್ ಬೇಕಾದರೂ ಯಾವ ಸಂಕೇತವನ್ನು ಬೇಕಾದರೂ ಕೇಳಬಹುದು. ಇನ್ನೂ ದೊಡ್ಡ ಕಾರ್ಟೆಕ್ಸ್ ಎಂ7 ಚಿಪ್‌ಗಳಲ್ಲಿ ಬೇರೊಂದು ಕಷ್ಟ ಎದುರಾಗುತ್ತದೆ: ಅಲ್ಲಿ ಪ್ರೊಸೆಸರಿಗೂ ಮೆಮೊರಿಗೂ ನಡುವೆ ದತ್ತಾಂಶದ ಕ್ಯಾಶ್ ಇರುವುದರಿಂದ, ಡಿಎಂಎ ಮೆಮೊರಿಯಲ್ಲಿ ಹೊಸದನ್ನು ಬರೆದಿದ್ದರೂ ಪ್ರೊಸೆಸರು ತನ್ನ ಕ್ಯಾಶ್‌ನಲ್ಲಿರುವ ಹಳೆಯದನ್ನೇ ಓದುವ ಸಾಧ್ಯತೆ ಇದೆ, ಮತ್ತು ಪ್ರತಿ ಬಫರನ್ನೂ (ದತ್ತಾಂಶ ತುಂಬುವ ಮೆಮೊರಿಯ ತುಂಡನ್ನೂ) 32 ಬೈಟ್‌ಗಳ ಸಾಲಿಗೆ ಹೊಂದಿಸಿ ಕ್ಯಾಶನ್ನು ಕೈಯಾರೆ ತೊಳೆಯಬೇಕಾಗುತ್ತದೆ. ಆರ್‌ಪಿ2040ರಲ್ಲಿ ಕ್ಯಾಶ್ ಇರುವುದು ಫ್ಲ್ಯಾಶ್‌ಗೆ ಮಾತ್ರ. ಮೆಮೊರಿಯಲ್ಲಿ ಡಿಎಂಎ ಇಟ್ಟದ್ದನ್ನೇ ಪ್ರೊಸೆಸರು ಕಾಣುತ್ತದೆ. ಡಿಎಂಎಯನ್ನು ಮೊದಲ ಬಾರಿ ಕಲಿಯುವವರಿಗೆ ಈ ಸರಳತೆ ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದನ್ನು, ಆ ಇನ್ನೊಂದು ದಾರಿಯಲ್ಲಿ ಹೋಗಿ ವಾರಗಟ್ಟಲೆ ಅಲೆದವರೇ ಬಲ್ಲರು.

ಪ್ರತಿ ಚಾನೆಲ್‌ಗೂ ಮುಖ್ಯವಾಗಿ ನಾಲ್ಕು ರಿಜಿಸ್ಟರ್‌ಗಳಿವೆ: ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು, ಎಷ್ಟು ಬಾರಿ, ಮತ್ತು ಯಾವ ರೀತಿ. ಇದೇ ನಾಲ್ಕು ರಿಜಿಸ್ಟರ್‌ಗಳು ಬೇರೆ ಬೇರೆ ಅನುಕ್ರಮದಲ್ಲಿ ನಾಲ್ಕು ಬಾರಿ ಕಾಣಿಸಿಕೊಳ್ಳುತ್ತವೆ, ಮತ್ತು ಪ್ರತಿ ಅನುಕ್ರಮದಲ್ಲಿಯೂ ಕೊನೆಯ ರಿಜಿಸ್ಟರಿಗೆ ಬರೆದೊಡನೆ ಚಾನೆಲ್ ಚಾಲೂ ಆಗುತ್ತದೆ. ಮೊದಲ ಓದಿನಲ್ಲಿ ಇದು ಅನಗತ್ಯ ಗೊಂದಲವೆಂದು ನನಗೆ ಅನಿಸಿತ್ತು. ಇದರ ಉದ್ದೇಶ ತಿಳಿಯುವುದು ಒಂದು ಚಾನೆಲ್ ಇನ್ನೊಂದು ಚಾನೆಲ್‌ನ ರಿಜಿಸ್ಟರಿಗೇ ಬರೆಯುವಂತೆ ಮಾಡಿದಾಗ. ಡಿಎಂಎಯ ರಿಜಿಸ್ಟರ್‌ಗಳೂ ಬಸ್‌ನ ಮೇಲಿನ ವಿಳಾಸಗಳೇ ಆದ್ದರಿಂದ ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ನನ್ನ ಉಪಕರಣದ ಜೀವ ಇರುವುದೇ ಇಲ್ಲಿ. ತಲಾ 2,000 ಸ್ಯಾಂಪಲ್‌ಗಳ, ಅಂದರೆ 4,000 ಬೈಟ್‌ಗಳ, 16 ಬಫರ್‌ಗಳನ್ನು ಇಟ್ಟುಕೊಂಡಿದ್ದೇನೆ. ಒಂದು ಬಫರಿಗೆ 200 ಮಿಲಿಸೆಕೆಂಡ್, ಹತ್ತು ಆವರ್ತ. ವಿದ್ಯುತ್ ಗುಣಮಟ್ಟವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡವೂ 50 ಹರ್ಟ್ಜ್ ಪೂರೈಕೆಗೆ ಇದೇ ಹತ್ತು ಆವರ್ತಗಳ ಕಿಟಕಿಯನ್ನು ಬಳಸುತ್ತದೆ. ದತ್ತಾಂಶದ ಚಾನೆಲ್ ಎಡಿಸಿಯ ಫೈಫೊದಿಂದ 2,000 ಬಾರಿ ಓದಿ ಒಂದು ಬಫರನ್ನು ತುಂಬಿ ಮುಗಿಸಿದೊಡನೆ ಸರಪಳಿಯ ಮೂಲಕ ಎರಡನೆಯ ಚಾನೆಲನ್ನು ಎಬ್ಬಿಸುತ್ತದೆ. ಆ ಎರಡನೆಯದು 16 ವಿಳಾಸಗಳ ಪಟ್ಟಿಯಿಂದ ಮುಂದಿನ ಬಫರಿನ ವಿಳಾಸವನ್ನು ಓದಿ, ಮೊದಲ ಚಾನೆಲ್‌ನ ಚಾಲೂ ಮಾಡುವ ರಿಜಿಸ್ಟರಿಗೆ ಬರೆದು, ಮತ್ತೆ ಮಲಗುತ್ತದೆ. ಎಣಿಕೆಯ ಅಂಕಿ ತಾನಾಗಿಯೇ 2,000ಕ್ಕೆ ಮರಳುತ್ತದೆ. ಈ ಹಸ್ತಾಂತರಕ್ಕೆ ಬೇಕಾಗುವ ಕೆಲವು ಕ್ಲಾಕ್‌ಗಳಲ್ಲಿ ಸ್ಯಾಂಪಲ್ ಬಂದರೂ ಫೈಫೊ ಅದನ್ನು ಕಾಪಾಡಿಕೊಳ್ಳುತ್ತದೆ. ಪ್ರೊಸೆಸರಿಗೆ ಸೆಕೆಂಡಿಗೆ 10,000 ಕರೆಗಳ ಬದಲು 5 ಕರೆಗಳು ಬರುತ್ತವೆ, ಮತ್ತು ಆ ಕರೆಗೆ ಉತ್ತರವಾಗಿ ಅದು ಮಾಡಬೇಕಾದದ್ದು ತುಂಬಿದ ಬಫರ್‌ಗಳ ಎಣಿಕೆಯನ್ನು ಒಂದು ಹೆಚ್ಚಿಸುವುದು ಮಾತ್ರ. ಪಟ್ಟಿಯ ಕೊನೆಗೆ ಬಂದಾಗ ಮೊದಲಿಗೆ ಮರಳಲು ಉಂಗುರದ ವ್ಯವಸ್ಥೆ ಇದೆ: ವಿಳಾಸದ ಕೆಳಗಿನ 6 ಬಿಟ್‌ಗಳು ಮಾತ್ರ ಬದಲಾಗಲಿ ಎಂದರೆ 64 ಬೈಟ್‌ಗಳೊಳಗೆ, ಅಂದರೆ 16 ವಿಳಾಸಗಳೊಳಗೆ, ಓದು ಸುತ್ತುತ್ತಲೇ ಇರುತ್ತದೆ.

ಈ ಉಂಗುರದಲ್ಲಿಯೇ ನಾನು ಮೂರು ದಿನ ಸಿಕ್ಕಿಹಾಕಿಕೊಂಡೆ. ಉಪಕರಣ ಪ್ರತಿ ಬಾರಿಯೂ ಸರಿಯಾಗಿ ಆರಂಭವಾಗಿ, ಸರಿಯಾಗಿ 1.6 ಸೆಕೆಂಡಿಗೆ ನಿಂತುಹೋಗುತ್ತಿತ್ತು. ಯಾವ ದೋಷಸೂಚಕವೂ ಮೇಲೇಳುತ್ತಿರಲಿಲ್ಲ. ಎಡಿಸಿಯನ್ನು ಅನುಮಾನಿಸಿದೆ, ಕಾರ್ಡನ್ನು ಬದಲಿಸಿದೆ, ವಿದ್ಯುತ್ ಪೂರೈಕೆಗೆ ಇನ್ನೊಂದು ಕೆಪಾಸಿಟರ್ ಸೇರಿಸಿದೆ. ಕೊನೆಗೆ 1.6 ಎಂಬ ಅಂಕಿಯೇ ದಾರಿ ತೋರಿತು: ಅದು ಎಂಟು ಬಫರ್‌ಗಳ ಕಾಲ, ಪಟ್ಟಿಯ ನಿಖರ ಅರ್ಧ. ಉಂಗುರವು 64ರಿಂದ ಭಾಗವಾಗುವ ವಿಳಾಸದಿಂದಲೇ ಶುರುವಾಗುತ್ತದೆ. ನಾನು ಪಟ್ಟಿಯನ್ನು ಹಾಗೆ ಹೊಂದಿಸಿಡಲು ಕಂಪೈಲರಿಗೆ ಹೇಳಿರಲಿಲ್ಲ, ಅದು ಪಟ್ಟಿಯನ್ನು ಉಂಗುರದ ನಡುವಿನಿಂದ ಇಟ್ಟಿತ್ತು. ಎಂಟು ವಿಳಾಸಗಳನ್ನು ಓದಿದ ಚಾನೆಲ್, ಉಂಗುರದ ತುದಿ ಬಂದಿತೆಂದು ಹಿಂದಕ್ಕೆ ಹಾರಿ, ಪಟ್ಟಿಗಿಂತ ಮೊದಲೇ ಇದ್ದ ಬೇರೊಂದು ಜಾಗದಿಂದ ಸೊನ್ನೆಯನ್ನು ಓದಿತು. ಚಾಲೂ ಮಾಡುವ ರಿಜಿಸ್ಟರಿಗೆ ಸೊನ್ನೆ ಬರೆದರೆ ಈ ಚಿಪ್ಪಿನಲ್ಲಿ ಅದು ಸರಪಳಿಯನ್ನು ನಿಲ್ಲಿಸುವ ಅಧಿಕೃತ ಆದೇಶ. ಅಂದರೆ ಯಂತ್ರ ತನಗೆ ಹೇಳಿದ್ದನ್ನೇ ಮಾಡಿತ್ತು. ಅಲ್ಲಿ ಸೊನ್ನೆಯ ಬದಲು ಬೇರಾವುದೋ ಅಂಕಿ ಇದ್ದಿದ್ದರೆ ಪರಿಣಾಮ ಇನ್ನೂ ಕೆಟ್ಟದಾಗುತ್ತಿತ್ತು, ಏಕೆಂದರೆ ಕೋರ್‌ಗಳಿಗೆ ಇರುವ ಮೆಮೊರಿ ರಕ್ಷಣೆಯ ಘಟಕ ಡಿಎಂಎಗೆ ಅನ್ವಯಿಸುವುದಿಲ್ಲ. ಅದು ವಿಳಾಸ ಸಿಕ್ಕಲ್ಲಿಗೆ ಹೋಗಿ 4,000 ಬೈಟ್ ಬರೆದು ಬರುತ್ತದೆ. ಪಟ್ಟಿಯ ಘೋಷಣೆಗೆ 64 ಬೈಟ್‌ಗಳ ಹೊಂದಾಣಿಕೆಯ ಒಂದು ಸೂಚನೆ ಸೇರಿಸಿದಾಗ ಎಲ್ಲವೂ ಸರಿಯಾಯಿತು.

ಈ ಬಗೆಯ ಗಡಿಯ ಕಷ್ಟ ಹೊಸದೇನಲ್ಲ. 1981ರ ಐಬಿಎಂ ಪಿಸಿಯಲ್ಲಿ 8237 ಎಂಬ ನಾಲ್ಕು ಚಾನೆಲ್‌ಗಳ ಡಿಎಂಎ ಚಿಪ್ ಇತ್ತು. ಅದರ 0ನೆಯ ಚಾನೆಲ್ ಮೆಮೊರಿಯನ್ನು ಆಗಾಗ್ಗೆ ಚೇತರಿಸುವ ಕೆಲಸಕ್ಕೆ, 2ನೆಯದು ಫ್ಲಾಪಿ ಡಿಸ್ಕಿಗೆ ಮೀಸಲಾಗಿದ್ದವು. ಆ ಚಿಪ್ಪಿನ ವಿಳಾಸ 16 ಬಿಟ್‌ಗಳದ್ದು ಮಾತ್ರವಾಗಿ, ಮೇಲಿನ ಬಿಟ್‌ಗಳು ಹೊರಗಿನ ಪ್ರತ್ಯೇಕ ರಿಜಿಸ್ಟರಿನಲ್ಲಿ ಇದ್ದುದರಿಂದ, 64 ಕಿಲೋಬೈಟಿನ ಗಡಿಯನ್ನು ಬಫರು ದಾಟಿದರೆ ದತ್ತಾಂಶ ಹಿಂದಕ್ಕೆ ಸುತ್ತಿ ಬೇರೆಡೆ ಬೀಳುತ್ತಿತ್ತು. ಆದರೆ ಸಾಗಿಸುವ ಕ್ರಮದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. 8237 ದತ್ತಾಂಶವನ್ನು ತನ್ನೊಳಗೆ ತೆಗೆದುಕೊಳ್ಳದೆ, ಮೆಮೊರಿಯ ವಿಳಾಸವನ್ನು ಬಸ್‌ನ ಮೇಲಿಟ್ಟು ಸಾಧನಕ್ಕೆ ಒಪ್ಪಿಗೆಯ ಸಂಕೇತ ಕೊಡುತ್ತಿತ್ತು, ಸಾಧನ ಅದೇ ಬಸ್ ಆವರ್ತದಲ್ಲಿ ದತ್ತಾಂಶವನ್ನು ನೇರವಾಗಿ ಮೆಮೊರಿಗೆ ದಾಟಿಸುತ್ತಿತ್ತು, ಮತ್ತು ಆ ಹೊತ್ತಿನಲ್ಲಿ ಪ್ರೊಸೆಸರು ಬಸ್‌ನಿಂದ ದೂರ ಸರಿದು ನಿಲ್ಲಬೇಕಿತ್ತು. ಪಿಕೊದ ಡಿಎಂಎ ಓದಿ ತನ್ನಲ್ಲಿಟ್ಟುಕೊಂಡು ನಂತರ ಬರೆಯುತ್ತದೆ, ಪ್ರೊಸೆಸರು ತನ್ನ ದಾರಿಯಲ್ಲಿ ತಾನು ನಡೆದೇ ಇರುತ್ತದೆ. ಮುಂದೆ ಪಿಸಿಗಳಲ್ಲಿ ಬಂದ ಪಿಸಿಐ ಬಸ್‌ನಲ್ಲಿ ಪ್ರತಿ ಸಾಧನವೂ ತಾನೇ ಯಜಮಾನನಾಗಬಹುದಾಗಿ ನಡುವಿನ ಡಿಎಂಎ ಚಿಪ್ಪಿನ ಅಗತ್ಯವೇ ತಪ್ಪಿತು. ಪಿಕೊದಂಥ ಚಿಕ್ಕ ಚಿಪ್‌ಗಳಲ್ಲಿ ಇಂದಿಗೂ ಎಲ್ಲ ಪೆರಿಫೆರಲ್‌ಗಳ ಪರವಾಗಿ ಒಂದೇ ಡಿಎಂಎ ದುಡಿಯುತ್ತದೆ.

ಇನ್ನು ಎಸ್‌ಡಿ ಕಾರ್ಡಿನ ಬದಿ. ನಾನು ಅದನ್ನು ಎಸ್‌ಪಿಐ ಮೂಲಕ 12.5 ಮೆಗಾಹರ್ಟ್ಜ್ ವೇಗದಲ್ಲಿ ನಡೆಸುತ್ತೇನೆ. 512 ಬೈಟ್‌ಗಳ ಒಂದು ಬ್ಲಾಕ್ ತಂತಿಯ ಮೇಲೆ ಹೋಗಲು 328 ಮೈಕ್ರೋಸೆಕೆಂಡ್, ಅಂದರೆ ಪ್ರೊಸೆಸರಿನ 40,960 ಕ್ಲಾಕ್‌ಗಳು ಹಿಡಿಯುತ್ತವೆ. ಡಿಎಂಎ ಇಲ್ಲದಿದ್ದರೆ ಪ್ರೊಸೆಸರು ಅಷ್ಟು ಹೊತ್ತೂ ಅಲ್ಲಿಯೇ ಕಾದು ಕುಳಿತಿರಬೇಕು. ಎಸ್‌ಪಿಐಯಲ್ಲಿ ಒಂದು ಬೈಟ್ ಹೊರಗೆ ಹೋದಾಗಲೆಲ್ಲ ಒಂದು ಬೈಟ್ ಒಳಗೆ ಬರುತ್ತದೆಯಾದ್ದರಿಂದ ಎರಡು ಚಾನೆಲ್‌ಗಳು ಬೇಕು: ಒಂದು ಕಳಿಸಲು, ಇನ್ನೊಂದು ಬಂದದ್ದನ್ನು ತೆಗೆಯಲು. ಕಾರ್ಡಿಗೆ ಬರೆಯುವಾಗ ಬಂದದ್ದೆಲ್ಲ ವ್ಯರ್ಥ, ಆದ್ದರಿಂದ ಎರಡನೆಯ ಚಾನೆಲ್‌ನ ಬರೆಯುವ ವಿಳಾಸ ಮುಂದಕ್ಕೆ ಚಲಿಸದಂತೆ ಮಾಡಿ ಒಂದೇ ಬೈಟಿನ ಮೇಲೆ ಎಲ್ಲವನ್ನೂ ಸುರಿಯಬಹುದು. ಇಲ್ಲಿ ಹೊಸಬರು ತಪ್ಪುವ ಒಂದು ಜಾಗವಿದೆ. ಕಳಿಸುವ ಚಾನೆಲ್ ಮುಗಿಯಿತು ಎಂದರೆ ಕೊನೆಯ ಬೈಟ್ ಎಸ್‌ಪಿಐಯ ಎಂಟು ಸ್ಥಾನಗಳ ಫೈಫೊವನ್ನು ಸೇರಿತು ಎಂದರ್ಥವೇ ಹೊರತು ತಂತಿಯ ಮೇಲೆ ಹೋಯಿತು ಎಂದಲ್ಲ. ಆ ಗಳಿಗೆಯಲ್ಲಿ ಕಾರ್ಡಿನ ಆಯ್ಕೆಯ ತಂತಿಯನ್ನು ಮೇಲೆತ್ತಿದರೆ ಕೊನೆಯ ಕೆಲವು ಬೈಟ್‌ಗಳು ಕತ್ತರಿಸಿಹೋಗುತ್ತವೆ. ತೆಗೆಯುವ ಚಾನೆಲ್ ಮುಗಿಯುವವರೆಗೆ ಕಾಯುವುದೇ ಸರಿಯಾದ ಕ್ರಮ. ದತ್ತಾಂಶ ಸಾಗುತ್ತಿರುವಾಗಲೇ ಅದರ ಸಿಆರ್‌ಸಿಯನ್ನು, ಅಂದರೆ ದೋಷ ಪತ್ತೆಹಚ್ಚುವ ಪರೀಕ್ಷಾ ಅಂಕಿಯನ್ನು, ಲೆಕ್ಕಹಾಕುವ ಒಂದು ಘಟಕವೂ ಡಿಎಂಎಯೊಳಗಿದೆ, ಮತ್ತು ಎಸ್‌ಡಿ ಕಾರ್ಡು ಬಯಸುವ 16 ಬಿಟ್‌ಗಳ ಬಗೆಯನ್ನು ಅದು ಅರಿತಿದೆ. ಇದನ್ನು ಬಳಸಿದ ನಂತರ ಉದ್ದದ ತಂತಿಯ ದೋಷಗಳು ಬರೆಯುವ ಹೊತ್ತಿನಲ್ಲೇ ಪತ್ತೆಯಾಗತೊಡಗಿದವು.

16 ಬಫರ್‌ಗಳೇಕೆ, ಎರಡು ಸಾಲದೇ ಎಂದು ಕೇಳಬಹುದು. ಕಾರ್ಡು ತನ್ನ ಒಳಗಿನ ಹೊಂದಾಣಿಕೆಗಾಗಿ ಆಗೊಮ್ಮೆ ಈಗೊಮ್ಮೆ ಬರಹವನ್ನು ತಡೆದು ನಿಲ್ಲಿಸುತ್ತದೆ. ಮಾನದಂಡವೇ 250 ಮಿಲಿಸೆಕೆಂಡ್‌ವರೆಗೆ ಇದಕ್ಕೆ ಅವಕಾಶ ಕೊಟ್ಟಿದೆ. ನನ್ನ ಒಂದು ಬಫರಿನ ಕಾಲ 200 ಮಿಲಿಸೆಕೆಂಡ್ ಆದ್ದರಿಂದ, ಎರಡೇ ಇದ್ದಿದ್ದರೆ ಇನ್ನೂ ಬರೆದು ಮುಗಿಯದ ಬಫರಿನ ಮೇಲೆ ಹೊಸ ಸ್ಯಾಂಪಲ್‌ಗಳು ಬೀಳುತ್ತಿದ್ದವು. 64,000 ಬೈಟ್‌ಗಳ ಈ 16 ಬಫರ್‌ಗಳು ನನಗೆ 3 ಸೆಕೆಂಡಿನಷ್ಟು ಬಿಡುವು ಕೊಡುತ್ತವೆ. ಡಿಎಂಎ ಇದ್ದಮಾತ್ರಕ್ಕೆ ಎಲ್ಲವೂ ಸುಸೂತ್ರವೆಂದು ತಿಳಿದು ಎರಡೇ ಬಫರಿಟ್ಟು ಕೈಸುಟ್ಟುಕೊಂಡವರನ್ನು ನಾನು ಬಲ್ಲೆ.

ಬೋರ್ಡಿನ ಕೊರತೆಗಳನ್ನೂ ಹೇಳಲೇಬೇಕು. ಎಡಿಸಿ ಹೆಸರಿಗೆ 12 ಬಿಟ್‌ಗಳದ್ದು, ಆದರೆ ತಯಾರಕರ ಡೇಟಾಶೀಟ್‌ನಲ್ಲಿಯೇ ಪರಿಣಾಮಕಾರಿ ಬಿಟ್‌ಗಳು ಸುಮಾರು 9 ಎಂದಿದೆ, ಮತ್ತು 512, 1536, 2560, 3584 ಎಂಬ ನಾಲ್ಕು ಅಂಕಿಗಳ ಬಳಿ ಅಳತೆ ಮುಗ್ಗರಿಸುತ್ತದೆ ಎಂಬುದೂ ದೋಷಪಟ್ಟಿಯಲ್ಲಿ ದಾಖಲಾಗಿದೆ. ವೋಲ್ಟೇಜಿನ ಕುಸಿತ ನೋಡಲು ಇದು ಅಡ್ಡಿಯಲ್ಲ. ಸೂಕ್ಷ್ಮ ಹಾರ್ಮೋನಿಕ್‌ಗಳನ್ನು ಅಳೆಯುವವರು ಹೊರಗಿನ ಎಡಿಸಿ ಇಟ್ಟುಕೊಳ್ಳಬೇಕು. ಚಿಪ್ಪಿನ ಜಿಪಿಐಒ 23 ಎಂಬ ಪಿನ್ನನ್ನು ಮೇಲೆತ್ತಿ ವಿದ್ಯುತ್ ಘಟಕವನ್ನು ಇನ್ನೊಂದು ಕ್ರಮಕ್ಕೆ ತಂದರೆ ಗದ್ದಲ ಸ್ವಲ್ಪ ಇಳಿಯುತ್ತದೆ. ಡಿಎಂಎಯ ಮಟ್ಟಿಗೆ ನನಗೆ ಕೊರತೆಯೆನಿಸಿದ್ದು, ಬಫರು ಅರ್ಧ ತುಂಬಿದಾಗ ಕರೆಯುವ ಸೌಲಭ್ಯ ಇಲ್ಲದಿರುವುದು ಮತ್ತು ಒಂದು ಚಾನೆಲ್ ತನ್ನನ್ನು ತಾನೇ ಮತ್ತೆ ಚಾಲೂ ಮಾಡಿಕೊಳ್ಳಲಾಗದಿರುವುದು. ಎಸ್‌ಟಿಎಂ32ರ ಚಾನೆಲ್ ಒಂದೇ ಮಾಡುವ ಕೆಲಸಕ್ಕೆ ಇಲ್ಲಿ ಎರಡು ಬೇಕು. ಯುಎಸ್‌ಬಿಗೆ ಡಿಎಂಎ ಸಂಕೇತವೇ ಇಲ್ಲ, ಅದು ತನ್ನದೇ 4 ಕಿಲೋಬೈಟ್ ಮೆಮೊರಿಯಲ್ಲಿ ಪ್ರತ್ಯೇಕವಾಗಿ ಬಾಳುತ್ತದೆ. ಐ2ಸಿಯಲ್ಲಿ ಪ್ರತಿ ಬೈಟಿನ ಜೊತೆಗೆ ಆದೇಶದ ಬಿಟ್‌ಗಳನ್ನೂ ಸೇರಿಸಬೇಕಾದ್ದರಿಂದ ಬಫರನ್ನು ಮೊದಲೇ ಅಗಲಿಸಿ ಸಿದ್ಧಮಾಡಬೇಕಾಗುತ್ತದೆ. ಬೋರ್ಡಿನ ಮೇಲೆ ರಿಸೆಟ್ ಗುಂಡಿ ಇಲ್ಲ. ನಾನು ಎರಡು ಪಿನ್‌ಗಳ ನಡುವೆ ಒಂದನ್ನು ಬೆಸೆದುಕೊಂಡಿದ್ದೇನೆ.

ಇವುಗಳ ಎದುರಿಗೆ ಡೇಟಾಶೀಟನ್ನು ಇಡುತ್ತೇನೆ. ಬಸ್‌ನ ಪ್ರತಿ ದಾಟುವಿಕೆಗೆ ಎಷ್ಟು ಕ್ಲಾಕ್, ಸನ್ನೆಗಳ ಎಣಿಕೆ ಹೇಗೆ ನಡೆಯುತ್ತದೆ, ಚಾನೆಲನ್ನು ನಡುವೆ ನಿಲ್ಲಿಸಿದರೆ ಯಾವ ತೊಡಕು ಬರುತ್ತದೆ ಎಂಬುದನ್ನೆಲ್ಲ ಅದು ಮುಚ್ಚುಮರೆಯಿಲ್ಲದೆ ಬರೆದಿದೆ. ಮೇಲೆ ನಾನು ಕೊಟ್ಟ ಲೆಕ್ಕಗಳನ್ನು ಯಾವ ಯಂತ್ರವನ್ನೂ ಮುಟ್ಟದೆ ಕಾಗದದ ಮೇಲೆಯೇ ಮಾಡಲು ಸಾಧ್ಯವಾದದ್ದು ಅದರಿಂದ, ಮತ್ತು ಯಂತ್ರದಲ್ಲಿ ನೋಡಿದಾಗ ಅವು ತಾಳೆಯಾದವು. ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಡಿಎಂಎಯನ್ನು ಪಠ್ಯಪುಸ್ತಕದ ಒಂದು ಚೌಕದ ಚಿತ್ರವಾಗಿ ನೋಡಿ ಪರೀಕ್ಷೆ ಬರೆದು ಮುಗಿಸುವ ಬದಲು, ಈ ಬೋರ್ಡನ್ನು ಕೈಗೆತ್ತಿಕೊಂಡು ಎರಡು ಚಾನೆಲ್‌ಗಳನ್ನು ಸರಪಳಿಯಾಗಿ ಜೋಡಿಸಲಿ ಎಂಬುದು ನನ್ನ ಮನಃಪೂರ್ವಕ ಸಲಹೆ. 2024ರಲ್ಲಿ ಬಂದ ಪಿಕೊ 2ರಲ್ಲಿ 16 ಚಾನೆಲ್‌ಗಳು, 520 ಕಿಲೋಬೈಟ್ ಮೆಮೊರಿ, ಕೊನೆಯಿಲ್ಲದೆ ನಡೆಯುವ ಹಾಗೂ ತನ್ನನ್ನು ತಾನೇ ಚಾಲೂ ಮಾಡಿಕೊಳ್ಳುವ ಕ್ರಮಗಳು ಮತ್ತು ಡಿಎಂಎಗೂ ಅನ್ವಯಿಸುವ ಮೆಮೊರಿ ರಕ್ಷಣೆ ಇವೆ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳುವುದು ಲೇಸು. ಹಳೆಯದು ಮನೆಯಲ್ಲಿದ್ದರೆ ಅದನ್ನು ಬದಲಿಸುವ ಅಗತ್ಯ ನನಗಂತೂ ಕಂಡಿಲ್ಲ.

ತೋಟದಲ್ಲಿ ಉಪಕರಣವನ್ನು ಮೊದಲ ಬಾರಿಗೆ ಇಡೀ ರಾತ್ರಿ ಓಡಿಸಿದಾಗ 12 ಗಂಟೆಗಳಲ್ಲಿ 2,16,000 ಬಫರ್‌ಗಳು, 864 ಮೆಗಾಬೈಟ್ ದತ್ತಾಂಶ ಕಾರ್ಡಿಗೆ ಸೇರಿತು, ಮತ್ತು ಫೈಫೊ ಉಕ್ಕಿತೆಂದು ಹೇಳುವ ಬಿಟ್ ಒಮ್ಮೆಯೂ ಮೇಲೇಳಲಿಲ್ಲ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ, ಸುತ್ತಲಿನ ತೋಟಗಳ ಮೋಟಾರುಗಳು ಒಟ್ಟಿಗೆ ಚಾಲೂ ಆಗುವ ಹೊತ್ತಿನಲ್ಲಿ ಅಲೆ ಏಳು ಎಂಟು ಆವರ್ತಗಳಷ್ಟು ಕಾಲ ತಗ್ಗಿ ಮೇಲೆದ್ದದ್ದು ಸ್ಪಷ್ಟವಾಗಿ ಕಂಡಿತು. ಆದರೆ ಇದು ಮೂರು ಫೇಸ್‌ಗಳಲ್ಲಿ ಒಂದರ ಕಥೆ ಮಾತ್ರ. ಮೂರನ್ನೂ ಬರೆಯಲು ಎಡಿಸಿ ಮೂರು ಪಿನ್‌ಗಳನ್ನು ಸರದಿಯಂತೆ ಓದುವಂತೆ ಮಾಡಿ, ವಿಭಾಜಕವನ್ನು 1,599ಕ್ಕೆ ಇಳಿಸಿ, ಬಫರನ್ನು 6,000 ಸ್ಯಾಂಪಲ್‌ಗಳಿಗೆ ಹಿಗ್ಗಿಸಿದ್ದೇನೆ. 16 ಬಫರ್‌ಗಳು ಸೇರಿ 1,92,000 ಬೈಟ್ ಆಗುತ್ತವೆ, 264 ಕಿಲೋಬೈಟಿನಲ್ಲಿ ಇನ್ನೂ ಜಾಗ ಉಳಿಯುತ್ತದೆ, ಮತ್ತು ಡಿಎಂಎಯ ಪ್ರೋಗ್ರಾಮಿನಲ್ಲಿ ಎಣಿಕೆಯ ಅಂಕಿಯೊಂದನ್ನು ಬಿಟ್ಟು ಬೇರೇನನ್ನೂ ಬದಲಿಸಬೇಕಾಗಲಿಲ್ಲ. ಒಂದು ಫೇಸಿನ ಸ್ಯಾಂಪಲ್‌ಗೂ ಮುಂದಿನ ಫೇಸಿನದಕ್ಕೂ 33 ಮೈಕ್ರೋಸೆಕೆಂಡ್ ಅಂತರ ಬರುತ್ತದೆ, ಅದು 50 ಹರ್ಟ್ಜ್ ಅಲೆಯಲ್ಲಿ 0.6 ಡಿಗ್ರಿ. ಆ ತಿದ್ದುಪಡಿಯನ್ನು ಲೆಕ್ಕಕ್ಕೆ ಸೇರಿಸುವ ಕೆಲಸ ಈಗ ನಡೆದಿದೆ.